ಲೂಕಸ್ ರಡೇಬೆ: ಕಪ್ ಎಣಿಸಿದರೆ ಕಾಣಿಸದ ಡಿಫೆಂಡರ್

ಹಿಂದಿನ ಸಾಲು:
ಆಫ್ರಿಕಾದ ಫುಟ್‌ಬಾಲ್ ಅಂದ ಕೂಡಲೇ ನಮ್ಮ ಮಾತು ಎಲ್ಲಿಗೆ ಹೋಗುತ್ತದೆ ನೋಡಿ. ಜಾರ್ಜ್ ವೇಆ, ಎಟೊ, ದ್ರೋಗ್ಬಾ, ಸಲಾ, ಮಾನೆ. ಎಲ್ಲರೂ ಗೋಲು ಹೊಡೆಯುವವರೇ. ಗೋಲು ಬೀಳದ ಹಾಗೆ ನೋಡಿಕೊಂಡವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಲೂಕಸ್ ರಡೇಬೆ. ದಕ್ಷಿಣ ಆಫ್ರಿಕಾ ತಂಡದ ಕ್ಯಾಪ್ಟನ್, ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್‌ಗೂ ಕ್ಯಾಪ್ಟನ್. ದೇಶಕ್ಕಾಗಿ 70 ಪಂದ್ಯ, 2 ಗೋಲು. ಲೀಡ್ಸ್‌ನಲ್ಲಿ 1994ರಿಂದ 2005ರವರೆಗೆ ಇದ್ದ, ಅಲ್ಲಿ ಒಂದು ಕಪ್ ಕೂಡ ಗೆಲ್ಲಲಿಲ್ಲ. ಆದರೂ ಆಫ್ರಿಕಾದ ಡಿಫೆಂಡರ್‌ಗಳಲ್ಲಿ ನಾನು ಮೊದಲು ಹೇಳುವ ಹೆಸರು ಇವನದೇ.

1969ರ ಏಪ್ರಿಲ್ 12ರಂದು ಸೊವೆಟೊದ ಡೀಪ್‌ಕ್ಲೂಫ್‌ನಲ್ಲಿ ಹುಟ್ಟಿದ. ಜೊಹಾನ್ಸ್‌ಬರ್ಗ್ ಅಂಚಿನಲ್ಲಿ, ಬಿಳಿಯರ ಸರ್ಕಾರ ಕಪ್ಪು ಜನರನ್ನು ದೂಡಿ ಕೂರಿಸಿದ್ದ ಜಾಗ ಅದು. ಮನೆ ತುಂಬಾ ಮಕ್ಕಳು. 1976ರ ಜೂನ್ 16ರಂದು ಸೊವೆಟೊದ ಶಾಲೆ ಮಕ್ಕಳು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರಲ್ಲ, ಆಗ ಇವನಿಗೆ ಏಳು ವರ್ಷ. 1980ರ ದಶಕ ಬರುವಷ್ಟರಲ್ಲಿ ಸೊವೆಟೊ ಇನ್ನೂ ಹದಗೆಟ್ಟಿತ್ತು. ಮಗ ಅಲ್ಲೇ ಇದ್ದರೆ ಗಲಾಟೆಯಲ್ಲಿ ಸಿಕ್ಕಿ ಹಾಳಾಗುತ್ತಾನೆ, ಇಲ್ಲವೇ ಸಾಯುತ್ತಾನೆ ಅಂತ ಅಪ್ಪ ಅಮ್ಮನಿಗೆ ಭಯ. ಅವನನ್ನು ಬೊಫುಥಟ್ಸ್ವಾನಾಗೆ, ಅಂದರೆ ಸರ್ಕಾರ ಕಪ್ಪು ಜನರಿಗೆಂದು ಬೇರೆ ಮಾಡಿಟ್ಟಿದ್ದ ಒಂದು ಪ್ರದೇಶಕ್ಕೆ ಕಳಿಸಿದರು.

ಆ ಹಳ್ಳಿ ಕಡೆ ಮಾಡಲು ಏನೂ ಇರಲಿಲ್ಲ. ಬೇಜಾರು ಕಳೆಯಲು ಫುಟ್‌ಬಾಲ್ ಆಡಿದ. ಅದೂ ಗೋಲ್‌ಕೀಪರ್ ಆಗಿ! ಆಮೇಲೆ ಮಿಡ್‌ಫೀಲ್ಡ್‌ಗೆ ಬಂದ. 1989ರಲ್ಲಿ ಕೈಜರ್ ಚೀಫ್ಸ್ ಕ್ಲಬ್ ಅವನನ್ನು ಕರೆದುಕೊಂಡಿತು. ಅಲ್ಲಿ ಮಿಡ್‌ಫೀಲ್ಡ್‌ನಿಂದ ಹಿಂದಕ್ಕೆ ಸರಿದು ಸ್ಟಾಪರ್, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್ ಆದ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಆಟವನ್ನು ಮೂರು ಜಾಗದಿಂದ ನೋಡಿ ಬಂದ ಡಿಫೆಂಡರ್ ಇವನು. ಗೋಲ್ ಬಾಯಲ್ಲಿ ನಿಂತವನಿಗೆ ಯಾವ ಕಡೆಯಿಂದ ಅಪಾಯ ಬರುತ್ತದೆ ಗೊತ್ತಿರುತ್ತದೆ, ಮಿಡ್‌ಫೀಲ್ಡ್‌ನಲ್ಲಿ ಆಡಿದವನಿಗೆ ಪಾಸ್ ಕೊಡುವವನ ತಲೆಯಲ್ಲಿ ಏನು ಓಡುತ್ತಿದೆ ಅಂತ ಗೊತ್ತಿರುತ್ತದೆ. ಅವನ ಹಳೆಯ ವಿಡಿಯೊಗಳನ್ನು ನೋಡಿ, ಚೆಂಡು ಬರುವ ಮೊದಲೇ ಅವನು ಅಲ್ಲಿ ಇರುತ್ತಾನೆ. ಜಾರಿ ಬಿದ್ದು ಮಾಡುವ ಟ್ಯಾಕಲ್ ಕಡೆಯ ದಾರಿ.

ನಿಮ್ಮ ಅಭಿಪ್ರಾಯ ಹೇಳಿ. ಒಪ್ಪದವರು ಜಾಸ್ತಿ ಇರುತ್ತೀರಿ ಅಂತ ಗೊತ್ತು. ಅವರೇ ಮೊದಲು ಬರೆಯಿರಿ.

ಗೋಲ್‌ಪೋಸ್ಟ್:
ಒಪ್ಪದವನು ಬಂದೆ ಗುರು. ರಡೇಬೆ ಒಳ್ಳೆ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸ್ಥಾನ? ಘಾನಾದ ಸ್ಯಾಮುಯೆಲ್ ಕುಫೂರ್ 2001ರಲ್ಲಿ ಬಯರ್ನ್ ಮ್ಯೂನಿಕ್ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ. ಅದೇ ವರ್ಷ ಇಂಟರ್‌ಕಾಂಟಿನೆಂಟಲ್ ಕಪ್ ಫೈನಲ್‌ನಲ್ಲಿ ಬೋಕಾ ಜೂನಿಯರ್ಸ್ ಮೇಲೆ ಗೆಲುವಿನ ಗೋಲು ಹೊಡೆದ. ಮೊರಾಕೊದ ನೂರುದ್ದೀನ್ ನೈಬತ್ 2000ದಲ್ಲಿ ಡೆಪೊರ್ಟಿವೊ ಲಾ ಕೊರುನ್ಯಾ ಸ್ಪೇನ್ ಲೀಗ್ ಗೆದ್ದಾಗ ಅದರ ಹಿಂಬದಿಯ ಗೋಡೆ. ಕ್ಯಾಮರೂನಿನ ರಿಗೊಬರ್ ಸಾಂಗ್ 2000 ಮತ್ತು 2002ರಲ್ಲಿ ಸಾಲಾಗಿ ಆಫ್ರಿಕಾ ಕಪ್ ಎತ್ತಿದ. ಕೊಲೊ ತೂರೆ 2003-04ರಲ್ಲಿ ಒಂದೂ ಲೀಗ್ ಪಂದ್ಯ ಸೋಲದ ಆರ್ಸೆನಲ್ ತಂಡದಲ್ಲಿದ್ದ. ಇವರ ಮುಂದೆ ರಡೇಬೆ ಹತ್ತಿರ ಏನಿದೆ? 1996ರ ಆಫ್ರಿಕಾ ಕಪ್ ಒಂದು.

ಅದನ್ನೂ ನಾನು ಪೂರ್ತಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆ ಸಲ ದಕ್ಷಿಣ ಆಫ್ರಿಕಾದಲ್ಲಿ ನಡೆದ ಟೂರ್ನಿಗೆ ಹಿಂದಿನ ಚಾಂಪಿಯನ್ ನೈಜೀರಿಯಾ ಬರಲೇ ಇಲ್ಲ. ಅಲ್ಲಿನ ಲೇಖಕ, ಹೋರಾಟಗಾರ ಕೆನ್ ಸಾರೊ-ವಿವಾ ಅವರನ್ನು ಗಲ್ಲಿಗೇರಿಸಿದ್ದಕ್ಕೆ ಮಂಡೇಲಾ ಗಟ್ಟಿಯಾಗಿ ಖಂಡಿಸಿದರು, ಅಲ್ಲಿನ ಮಿಲಿಟರಿ ಆಡಳಿತ ತಂಡವನ್ನೇ ಕಳಿಸಲಿಲ್ಲ. ಒಕೋಚ, ಅಮೊಕಾಚಿ, ಅಮುನಿಕೆ ಇದ್ದ ತಂಡ ಅದು. ಅವರೇ ಆ ವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬ್ರೆಜಿಲ್, ಅರ್ಜೆಂಟೀನಾ ಎರಡನ್ನೂ ಸೋಲಿಸಿ ಚಿನ್ನ ಗೆದ್ದರು. ಅವರು ಬಂದಿದ್ದರೆ?

ಹಿಂದಿನ ಸಾಲು:
ಗೋಲ್‌ಪೋಸ್ಟ್ ಅವರೇ, ನೀವು ಹೇಳಿದ ಹೆಸರುಗಳೆಲ್ಲ ದೊಡ್ಡವೇ. ನೈಜೀರಿಯಾ ವಿಷಯವೂ ಸರಿ. ಆದರೆ ಬಂದವರನ್ನು ದಕ್ಷಿಣ ಆಫ್ರಿಕಾದವರು ಹೇಗೆ ಸೋಲಿಸಿದರು ನೋಡಿ. ಮೊದಲ ಪಂದ್ಯದಲ್ಲಿ ಕ್ಯಾಮರೂನ್ ಮೇಲೆ 3-0. ಕ್ವಾರ್ಟರ್ ಫೈನಲ್‌ನಲ್ಲಿ ಅಲ್ಜೀರಿಯಾ ಮೇಲೆ 2-1. ಸೆಮಿಫೈನಲ್‌ನಲ್ಲಿ ಘಾನಾ ಮೇಲೆ 3-0. ಫೆಬ್ರವರಿ 3ರ ಫೈನಲ್‌ನಲ್ಲಿ ಟ್ಯುನೀಶಿಯಾ ಮೇಲೆ 2-0, ಎರಡೂ ಗೋಲು ಬದಲಿ ಆಟಗಾರನಾಗಿ ಇಳಿದ ಮಾರ್ಕ್ ವಿಲಿಯಮ್ಸ್‌ನದು. ಆ ತಂಡದ ಡಿಫೆನ್ಸ್ ಸಾಲಿನಲ್ಲಿ ನೀಲ್ ಟೋವಿ, ಮಾರ್ಕ್ ಫಿಶ್, ರಡೇಬೆ. ಕ್ಯಾಮರೂನ್, ಘಾನಾ, ಟ್ಯುನೀಶಿಯಾ ಮೂವರಿಗೂ ಒಂದು ಗೋಲು ಸಿಗಲಿಲ್ಲ.

ಇನ್ನೊಂದು ವಿಷಯ. ಘಾನಾ ತಂಡದಲ್ಲಿ ಟೋನಿ ಯೆಬೊವಾ ಇದ್ದ. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅವನ ಒದೆತಕ್ಕೆ ಗೋಲ್‌ಕೀಪರ್‌ಗಳು ನಡುಗುತ್ತಿದ್ದರು. ಯಾವ ಕ್ಲಬ್? ಲೀಡ್ಸ್! ಕ್ಲಬ್‌ನಲ್ಲಿ ದಿನಾ ಜೊತೆಗೆ ಅಭ್ಯಾಸ ಮಾಡುವವನನ್ನು ಸೆಮಿಫೈನಲ್‌ನಲ್ಲಿ ಎದುರಿಸಬೇಕು, ಅದೂ ಮಂಡಿಯ ದೊಡ್ಡ ಗಾಯದಿಂದ ಆಗ ತಾನೇ ಚೇತರಿಸಿಕೊಂಡು. ರಡೇಬೆ 1995ರಲ್ಲಿ ಬಹಳ ಕಾಲ ಆಡದೇ ಕೂತಿದ್ದ. ಟೂರ್ನಿಗೆ ಬರುತ್ತಾನೋ ಇಲ್ಲವೋ ಅನ್ನುವ ಸ್ಥಿತಿ. ಅಂಥವನು ಬಂದು ಆ ಸಾಲಿನಲ್ಲಿ ನಿಂತ.

ಆಸ್ಟಿನ್ ಟೌನ್ ಹುಡುಗ:
ಚರ್ಚೆ ಚೆನ್ನಾಗಿದೆ. ನಾನು ಡಿಫೆಂಡರ್ ಆಗಿ ಆಡಿದವನು, ನಮ್ಮ ಗ್ರೌಂಡ್‌ನಲ್ಲಿ ಚಿಕ್ಕ ಹುಡುಗರೆಲ್ಲ ಫಾರ್ವರ್ಡ್ ಆಗೋದಕ್ಕೇ ಜಗಳ ಆಡುತ್ತಾರೆ, ಹಿಂದೆ ನಿಲ್ಲು ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಅವರಿಗೆ ಇಂಥವರ ಕಥೆ ಹೇಳಬೇಕು.

ಬೆಂಗಳೂರಿನವರಿಗೆ ಆಫ್ರಿಕಾದ ಡಿಫೆಂಡರ್ ಅಂದರೆ ನೆನಪಾಗಬೇಕಾದ್ದು ಕರ್ಟಿಸ್ ಒಸಾನೊ. ಕೀನ್ಯಾದವನು. ಇಂಗ್ಲೆಂಡಿನ ಕೆಳಗಿನ ಲೀಗ್‌ಗಳಲ್ಲಿ ಆಡಿ ಇಲ್ಲಿಗೆ ಬಂದ. 2013-14ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ ಎಲ್ಲರ ಬಾಯಲ್ಲಿ ಸುನಿಲ್ ಛೆತ್ರಿ. ಸರಿಯೇ. ಆದರೆ ಹಿಂದೆ ಒಸಾನೊ ಮತ್ತು ಜಾನ್ ಜಾನ್ಸನ್ ಜೋಡಿ ಇರದಿದ್ದರೆ ಆ ಕಪ್ ಕಷ್ಟ ಇತ್ತು. ಅಶೋಕನಗರದ ಸ್ಟೇಡಿಯಂನಲ್ಲಿ ಪಂದ್ಯ ನೋಡಿದವರಿಗೆ ಗೊತ್ತಿರುತ್ತದೆ.

ಒಂದು ಪ್ರಶ್ನೆ. ರಡೇಬೆಗೆ ಗುಂಡೇಟು ಬಿದ್ದಿತ್ತು ಅಂತ ಎಲ್ಲೋ ಕೇಳಿದ್ದೆ. ನಿಜವಾ?

ಹಿಂದಿನ ಸಾಲು:
ನಿಜ. 1991. ಆಗ ಕೈಜರ್ ಚೀಫ್ಸ್‌ನಲ್ಲಿದ್ದ. ಮನೆಗೆ ಕುಡಿಯಲು ಏನೋ ತರಲು ಅಂತ ಸೊವೆಟೊದಲ್ಲಿ ಹೊರಗೆ ಹೋಗಿದ್ದ. ಯಾರೋ ಗುಂಡು ಹಾರಿಸಿದರು. ಬೆನ್ನಿಗೆ ಹೊಕ್ಕ ಗುಂಡು ತೊಡೆಯಿಂದ ಹೊರಗೆ ಬಂತು. ಬೆನ್ನುಮೂಳೆಗೆ, ಒಳಗಿನ ಅಂಗಗಳಿಗೆ ಏನೂ ಆಗಲಿಲ್ಲ. ಹೊಡೆದವರು ಸಿಗಲಿಲ್ಲ. ಅವನು ಬೇರೆ ಕ್ಲಬ್‌ಗೆ ಹೋಗಬಾರದು ಅಂತ ಯಾರೋ ಮಾಡಿಸಿದ್ದು ಎಂಬ ಅನುಮಾನ ಅವನಿಗೇ ಇತ್ತು. ಒಮ್ಮೆ ಯೋಚಿಸಿ, ಗಲಾಟೆಯಿಂದ ದೂರ ಇರಲಿ ಅಂತ ಮನೆಯವರು ಊರು ಬಿಡಿಸಿದ್ದರು, ಆಟಕ್ಕಾಗಿ ವಾಪಸ್ ಬಂದ, ಆಟವೇ ಅವನನ್ನು ಗುಂಡಿನ ಬಾಯಿಗೆ ತಂದು ನಿಲ್ಲಿಸಿತು.

ಮುಂದಿನ ವರ್ಷ ಏನಾಯಿತು ಗೊತ್ತಾ? 1992ರ ಜುಲೈ 7, ಡರ್ಬನ್. ದಕ್ಷಿಣ ಆಫ್ರಿಕಾ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಾಪಸ್ ಬಂದ ದಿನ. ಎದುರಾಳಿ ಕ್ಯಾಮರೂನ್, ಎರಡು ವರ್ಷದ ಹಿಂದೆ ವಿಶ್ವಕಪ್ ಕ್ವಾರ್ಟರ್ ಫೈನಲ್ ಆಡಿದ್ದ ತಂಡ. ಡಾಕ್ಟರ್ ಖುಮಾಲೊ ಪೆನಾಲ್ಟಿ ಹಾಕಿ 1-0 ಗೆದ್ದರು. ರಡೇಬೆ ಆ ಪಂದ್ಯ ಆಡಿದ.

ಕ್ರೀಡಾಪುಟ:
ಇಲ್ಲಿ ಹಿನ್ನೆಲೆ ಸ್ವಲ್ಪ ಸೇರಿಸುತ್ತೇನೆ, ಹೊಸಬರಿಗೆ ಅನುಕೂಲ ಆಗಲಿ. ನಮ್ಮಲ್ಲಿ ಎಲ್ಲರಿಗೂ ಕ್ರಿಕೆಟ್ ಕಡೆಯ ಕಥೆ ಗೊತ್ತು. 1991ರ ನವೆಂಬರ್‌ನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಕ್ಲೈವ್ ರೈಸ್ ತಂಡ ಆಡಿತು, ನಿಷೇಧ ಮುಗಿಯಿತು. ಆದರೆ ಕ್ರಿಕೆಟ್ ಅಲ್ಲಿ ಬಹಳ ಮಟ್ಟಿಗೆ ಬಿಳಿಯರ ಆಟ. ಕಪ್ಪು ಜನರ ಆಟ ಫುಟ್‌ಬಾಲ್. ಫುಟ್‌ಬಾಲ್ ನಿಷೇಧ ಇನ್ನೂ ಹಳೆಯದು. 1957ರಲ್ಲಿ ಮೊದಲ ಆಫ್ರಿಕಾ ಕಪ್ ನಡೆದಾಗಲೇ, ಕಪ್ಪು ಬಿಳಿ ಆಟಗಾರರನ್ನು ಒಂದೇ ತಂಡದಲ್ಲಿ ಆಡಿಸಲು ಒಪ್ಪಲಿಲ್ಲ ಅಂತ ದಕ್ಷಿಣ ಆಫ್ರಿಕಾವನ್ನು ಹೊರಗಿಟ್ಟರು. ಫಿಫಾ 1961ರಲ್ಲಿ ಅಮಾನತು ಮಾಡಿತು, ನಡುವೆ ಸ್ವಲ್ಪ ಕಾಲ ಸಡಿಲಿಸಿತು, 1964ರಲ್ಲಿ ಮತ್ತೆ ಅಮಾನತು, 1976ರಲ್ಲಿ ಪೂರ್ತಿ ಉಚ್ಚಾಟನೆ. ಅಂದರೆ ರಡೇಬೆಗಿಂತ ಹತ್ತು ಹದಿನೈದು ವರ್ಷ ಮೊದಲು ಹುಟ್ಟಿದ ಎಷ್ಟೋ ಒಳ್ಳೆ ಆಟಗಾರರಿಗೆ ದೇಶದ ಅಂಗಿ ಹಾಕುವ ಭಾಗ್ಯವೇ ಬರಲಿಲ್ಲ. ಕೈಜರ್ ಚೀಫ್ಸ್‌ನ ಏಸ್ ನ್ಟ್ಸುಲೆಂಗೊಯೆ ಅಂಥವರಲ್ಲಿ ಒಬ್ಬ. ಅವನ ಆಟ ನೋಡಿದವರು ಇವತ್ತಿಗೂ ಕೊಂಡಾಡುತ್ತಾರೆ, ಒಂದು ವಿಶ್ವಕಪ್ ಆಡಲಿಲ್ಲ. ಆ ಹಿರಿಯನ ಕಣ್ಣಿಗೆ ಬಿದ್ದೇ ರಡೇಬೆ ಚೀಫ್ಸ್‌ಗೆ ಬಂದದ್ದು ಅಂತ ಹೇಳುತ್ತಾರೆ.

ಅದಕ್ಕೇ 70 ಪಂದ್ಯ ಅನ್ನುವ ಸಂಖ್ಯೆಯನ್ನು ಸುಮ್ನೆ ಬೇರೆ ದೇಶದವರ ಸಂಖ್ಯೆ ಜೊತೆ ತೂಗಬಾರದು. ಇವನ ಮೊದಲ ಅಂತರರಾಷ್ಟ್ರೀಯ ಪಂದ್ಯ ಅಂದರೆ ಹೆಚ್ಚು ಕಡಿಮೆ ದೇಶದ್ದೇ ಮೊದಲ ಪಂದ್ಯ. ಆಗ ವಯಸ್ಸು 23.

ಎಡಗಾಲು:
ಲೀಡ್ಸ್‌ಗೆ ಹೇಗೆ ಹೋದ? ಆ ಕಾಲದಲ್ಲಿ ದಕ್ಷಿಣ ಆಫ್ರಿಕಾದಿಂದ ಇಂಗ್ಲೆಂಡಿಗೆ ಹೋಗೋದು ಸುಲಭ ಇರಲಿಲ್ಲ ಅಲ್ವಾ?

ಲೀಡ್ಸ್ ಕನ್ನಡಿಗ:
ಇದಕ್ಕೆ ನಾನು ಉತ್ತರ ಹೇಳುತ್ತೇನೆ, ನಾನಿರುವ ಊರಿನ ವಿಷಯ.

1994ರಲ್ಲಿ ಲೀಡ್ಸ್ ಮ್ಯಾನೇಜರ್ ಹೊವಾರ್ಡ್ ವಿಲ್ಕಿನ್‌ಸನ್ ಸ್ಟ್ರೈಕರ್ ಫಿಲ್ ಮಸಿಂಗಾ ಮತ್ತು ರಡೇಬೆ ಇಬ್ಬರನ್ನೂ ಕರೆತಂದರು. ಕ್ಲಬ್‌ಗೆ ಮುಖ್ಯವಾಗಿ ಬೇಕಾಗಿದ್ದವನು ಮಸಿಂಗಾ, ಅವನಿಗೆ ಪರದೇಶದಲ್ಲಿ ಜೊತೆ ಇರಲಿ ಅಂತ ರಡೇಬೆಯನ್ನು ತಂದರು ಅಂತ ಇಲ್ಲಿನ ಹಳಬರು ಹೇಳುತ್ತಾರೆ. ಕೊಟ್ಟದ್ದು ಎರಡೂವರೆ ಲಕ್ಷ ಪೌಂಡ್. ಮಸಿಂಗಾ ಎರಡು ವರ್ಷದಲ್ಲಿ ಹೊರಟ. ಜೊತೆಗೆ ಬಂದವನು ಹನ್ನೊಂದು ವರ್ಷ ಉಳಿದ. ಮಸಿಂಗಾ ಬಗ್ಗೆಯೂ ಗೌರವದಿಂದ ಒಂದು ಮಾತು ಹೇಳಬೇಕು. 1997ರಲ್ಲಿ ಕಾಂಗೊ ವಿರುದ್ಧ ದೂರದಿಂದ ಹೊಡೆದ ಗೋಲಿನಿಂದಲೇ ದಕ್ಷಿಣ ಆಫ್ರಿಕಾ ಮೊದಲ ವಿಶ್ವಕಪ್‌ಗೆ ಹೋಗಿದ್ದು. 2019ರಲ್ಲಿ ತೀರಿಕೊಂಡ.

ಲೀಡ್ಸ್ ಬಗ್ಗೆ ಮಾತಾಡುವಾಗ ಇನ್ನೊಂದು ಹೆಸರನ್ನು ಬಿಡಬಾರದು. ಆಲ್ಬರ್ಟ್ ಜೊಹಾನೆಸನ್. ಅವನೂ ದಕ್ಷಿಣ ಆಫ್ರಿಕಾದ ಕಪ್ಪು ಹುಡುಗ, ಜರ್ಮಿಸ್ಟನ್‌ನವನು. 1961ರಲ್ಲಿ ಲೀಡ್ಸ್‌ಗೆ ಬಂದ, ವಿಂಗ್‌ನಲ್ಲಿ ಆಡುತ್ತಿದ್ದ. 1965ರ ಎಫ್‌ಎ ಕಪ್ ಫೈನಲ್ ಆಡಿದ, ಅಲ್ಲಿಯವರೆಗೆ ಆಫ್ರಿಕಾದ ಯಾವ ಕಪ್ಪು ಆಟಗಾರನೂ ಅದನ್ನು ಆಡಿರಲಿಲ್ಲ. ಪ್ರೇಕ್ಷಕರ ಕಡೆಯಿಂದ ಅವನಿಗೆ ಬರುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲು ಮನಸ್ಸು ಬರುವುದಿಲ್ಲ. ಆಟ ಮುಗಿದ ಮೇಲೆ ಕುಡಿತಕ್ಕೆ ಬಿದ್ದ, ಬಡತನ ಬಂತು. 1995ರ ಸೆಪ್ಟೆಂಬರ್‌ನಲ್ಲಿ ಇದೇ ಊರಿನಲ್ಲಿ ತನ್ನ ಫ್ಲಾಟ್‌ನಲ್ಲಿ ಒಬ್ಬನೇ ಸತ್ತುಬಿದ್ದಿದ್ದ. ಆಗ ರಡೇಬೆ ಲೀಡ್ಸ್ ಆಟಗಾರ. ಒಂದೇ ದೇಶ, ಒಂದೇ ಕ್ಲಬ್, ಒಂದೇ ಊರು. ಮೊದಲು ಬಂದವನನ್ನು ಊರು ಕೈಬಿಟ್ಟಿತು. ಎರಡನೆಯವನನ್ನು ಮೂರು ವರ್ಷದ ನಂತರ ಕ್ಯಾಪ್ಟನ್ ಮಾಡಿತು. 70, 80ರ ದಶಕದಲ್ಲಿ ಎಲ್ಲಂಡ್ ರೋಡ್ ಸ್ಟೇಡಿಯಂ ಹೊರಗೆ ಬಿಳಿಯರ ಹೆಚ್ಚುಗಾರಿಕೆ ಸಾರುವ ಗುಂಪುಗಳು ರಾಜಾರೋಷವಾಗಿ ಪತ್ರಿಕೆ ಮಾರುತ್ತಿದ್ದವು ಅನ್ನುವುದನ್ನು ನೆನಪಿಟ್ಟುಕೊಂಡು ಇದನ್ನು ಓದಿ. ಆ ಬದಲಾವಣೆಗೆ ಅಭಿಮಾನಿಗಳೇ ಬಹಳ ದುಡಿದಿದ್ದಾರೆ, ಅವರಿಗೂ ಶ್ರೇಯ ಸಲ್ಲಬೇಕು. ಆದರೆ ಸೊವೆಟೊದ ಕಪ್ಪು ಮನುಷ್ಯ ತೋಳಿಗೆ ಕ್ಯಾಪ್ಟನ್ ಪಟ್ಟಿ ಕಟ್ಟಿಕೊಂಡು ಮೊದಲಿಗನಾಗಿ ಮೈದಾನಕ್ಕೆ ಇಳಿದದ್ದು ಸಣ್ಣ ವಿಷಯ ಅಲ್ಲವೇ ಅಲ್ಲ. ಇಲ್ಲಿ ಅವನನ್ನು ಎಲ್ಲರೂ ಕರೆಯೋದು 'ದಿ ಚೀಫ್' ಅಂತ.

2001ರ ಏಪ್ರಿಲ್‌ನಲ್ಲಿ ಮಂಡೇಲಾ ಲೀಡ್ಸ್‌ಗೆ ಬಂದಿದ್ದರು. ಮಿಲೇನಿಯಂ ಸ್ಕ್ವೇರ್‌ನಲ್ಲಿ ಸಾವಿರಾರು ಜನ. ರಡೇಬೆಯನ್ನು ತೋರಿಸಿ ಇವನು ನನ್ನ ಹೀರೋ ಅಂದರು. ಅವರ ಬಾಯಲ್ಲಿ ಆ ಮಾತು ಬರಬೇಕಾದರೆ ಇನ್ನೇನು ಬೇಕು?

ಗೋಲ್‌ಪೋಸ್ಟ್:
ಜೊಹಾನೆಸನ್ ಕಥೆ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಬರೆದದ್ದಕ್ಕೆ ಥ್ಯಾಂಕ್ಸ್.

ಆದರೆ ನನ್ನ ವಾದ ಬಿಡುವುದಿಲ್ಲ. ಒಳ್ಳೆಯ ಮನುಷ್ಯ, ದೊಡ್ಡ ನಾಯಕ ಅನ್ನುವುದು ಬೇರೆ, ಮೈದಾನದಲ್ಲಿ ಎಷ್ಟು ಒಳ್ಳೆ ಡಿಫೆಂಡರ್ ಅನ್ನುವುದು ಬೇರೆ. ಎರಡನ್ನೂ ಕಲಸಬೇಡಿ. ಮೈದಾನದ ಲೆಕ್ಕ ಕೊಡಿ.

ಹಿಂದಿನ ಸಾಲು:
ಕೊಡೋಣ.

1996ರ ಸೆಪ್ಟೆಂಬರ್‌ನಲ್ಲಿ ಜಾರ್ಜ್ ಗ್ರಹಾಂ ಲೀಡ್ಸ್ ಮ್ಯಾನೇಜರ್ ಆದರು. ಆರ್ಸೆನಲ್‌ನಲ್ಲಿ ಟೋನಿ ಆಡಮ್ಸ್ ಸಾಲನ್ನು ಕಟ್ಟಿದ ಮನುಷ್ಯ. ಡಿಫೆನ್ಸ್ ವಿಷಯದಲ್ಲಿ ಅವರನ್ನು ಮೆಚ್ಚಿಸುವುದು ಬಹಳ ಕಷ್ಟ. ಆ ಋತುವಿನಲ್ಲಿ ಲೀಡ್ಸ್ 38 ಲೀಗ್ ಪಂದ್ಯಗಳಲ್ಲಿ ಹೊಡೆದ ಗೋಲು ಬರೀ 28. ಮತ್ತೆ ಓದಿ, 28! ಅಷ್ಟಕ್ಕೆ ಕೆಳಗಿನ ಡಿವಿಷನ್‌ಗೆ ಬೀಳಬೇಕಿತ್ತು. ಮುಗಿಸಿದ್ದು 11ನೇ ಸ್ಥಾನದಲ್ಲಿ. ಯಾಕೆ? ಬಿಟ್ಟುಕೊಟ್ಟದ್ದು 38 ಮಾತ್ರ. ನೈಜಲ್ ಮಾರ್ಟಿನ್ ಗೋಲ್‌ನಲ್ಲಿ, ಮುಂದೆ ರಡೇಬೆ. ಎದುರು ತಂಡದ ಅಪಾಯಕಾರಿ ಆಟಗಾರ ಯಾರೋ ಅವನ ಬೆನ್ನಿಗೆ ರಡೇಬೆಯನ್ನು ಅಂಟಿಸುವುದು ಗ್ರಹಾಂ ರೂಢಿ. ಹೀಗೆ ಒಬ್ಬನನ್ನೇ ಮಾರ್ಕ್ ಮಾಡುವ ಕೆಲಸದಲ್ಲಿ ಆಗ ಇಂಗ್ಲೆಂಡಿನಲ್ಲಿ ಇವನ ಸಮ ಇದ್ದವರು ಕಡಿಮೆ.

ಮುಂದೆ 1997-98ರಲ್ಲಿ 5ನೇ ಸ್ಥಾನ, 98-99ರಲ್ಲಿ 4, ಡೇವಿಡ್ ಓಲಿಯರಿ ಕೈಯಲ್ಲಿ 1999-2000ದಲ್ಲಿ 3. ಪ್ರತಿ ವರ್ಷ ಮೇಲೆ. ಕ್ಯೂವೆಲ್, ಬೋಯರ್, ಹಾರ್ಟ್, ವುಡ್‌ಗೇಟ್, ಎಲ್ಲರೂ ಇಪ್ಪತ್ತರ ಆಚೆ ಈಚೆಯ ಹುಡುಗರು. ಅವರ ಮಧ್ಯೆ ಹಿರಿಯ ಅಂದರೆ ಈ ಕ್ಯಾಪ್ಟನ್.

ಇನ್ನು ನೀವು ಹೇಳಿದ ಕಪ್‌ಗಳ ವಿಷಯ. ಕುಫೂರ್ ಬಯರ್ನ್‌ನಲ್ಲಿ ಆಡಿದ. ಅವನ ಹಿಂದೆ ಒಲಿವರ್ ಕಾನ್, ಮುಂದೆ ಎಫೆನ್‌ಬರ್ಗ್. ಅಲ್ಲಿ ಗೆಲ್ಲುವುದು ಪ್ರತಿ ವರ್ಷದ ಕೆಲಸ. ರಡೇಬೆಗೂ ದೊಡ್ಡ ಕ್ಲಬ್‌ಗಳಿಂದ ಆಸಕ್ತಿ ಇತ್ತು ಅಂತ ಆಗಿನ ಪತ್ರಿಕೆಗಳಲ್ಲಿ ಬಂದಿತ್ತು. ಹೋಗಲಿಲ್ಲ. ಹೋಗಿದ್ದರೆ ಆ ಪದಕಗಳು ಇವನ ಮನೆಯಲ್ಲೂ ಇರುತ್ತಿದ್ದವು, ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಎಡಗಾಲು:
ಗೋಲ್‌ಕೀಪರ್ ಆಗಿದ್ದ ಅಂದಿರಲ್ಲ, ಇಂಗ್ಲೆಂಡಿನಲ್ಲಿ ಯಾವತ್ತಾದರೂ ಆ ಕೆಲಸ ಮಾಡಿದ್ದಾನಾ?

ಕ್ರೀಡಾಪುಟ:
ಹೌದು! ಅದು ಅವನ ಬದುಕಿನ ಅತಿ ಚಂದದ ಪಂದ್ಯಗಳಲ್ಲಿ ಒಂದು. 1996ರ ಏಪ್ರಿಲ್ 17, ಓಲ್ಡ್ ಟ್ರಾಫರ್ಡ್. ಮ್ಯಾಂಚೆಸ್ಟರ್ ಯುನೈಟೆಡ್ ಚಾಂಪಿಯನ್ ಪಟ್ಟಕ್ಕೆ ನ್ಯೂಕಾಸಲ್ ಜೊತೆ ಓಡುತ್ತಿದ್ದ ಸಮಯ. 17ನೇ ನಿಮಿಷಕ್ಕೆ ಲೀಡ್ಸ್ ಗೋಲ್‌ಕೀಪರ್ ಮಾರ್ಕ್ ಬೀನಿಗೆ ರೆಡ್ ಕಾರ್ಡ್. ಬೆಂಚ್ ಮೇಲೆ ಬೇರೆ ಕೀಪರ್ ಇಲ್ಲ. ರಡೇಬೆ ಗ್ಲವ್ಸ್ ಹಾಕಿಕೊಂಡು ನಿಂತ. ಹತ್ತೇ ಜನ, ಕೀಪರ್ ಜಾಗದಲ್ಲಿ ಒಬ್ಬ ಸ್ಟಾಪರ್, ಎದುರಿಗೆ ಕಾಂಟೊನಾ, ಗಿಗ್ಸ್, ಕೋಲ್. ಒಂದರ ಹಿಂದೆ ಒಂದು ತಡೆಯುತ್ತಾ ಹೋದ. 72ನೇ ನಿಮಿಷದಲ್ಲಿ ರಾಯ್ ಕೀನ್ ಕಡೆಗೂ ಒಂದು ಹಾಕಿದ, 1-0 ಸೋಲು. ಲೀಡ್ಸ್ ಹುಡುಗರು ತಮ್ಮ ವಿರುದ್ಧ ಮಾತ್ರ ಇಷ್ಟು ಜೀವ ಬಿಟ್ಟು ಆಡುತ್ತಾರೆ ಅನ್ನುವ ಅರ್ಥದಲ್ಲಿ ಯುನೈಟೆಡ್ ಮ್ಯಾನೇಜರ್ ಫರ್ಗುಸನ್ ಆಮೇಲೆ ಮಾತಾಡಿದರು. ಆ ಮಾತಿಗೆ ಕೆರಳಿಯೇ ನ್ಯೂಕಾಸಲ್ ಮ್ಯಾನೇಜರ್ ಕೆವಿನ್ ಕೀಗನ್ ಟಿವಿ ಕ್ಯಾಮೆರಾ ಮುಂದೆ ಸಿಡಿದದ್ದು. ಆ ಕ್ಲಿಪ್ ನೋಡದ ಫುಟ್‌ಬಾಲ್ ಅಭಿಮಾನಿ ಇಲ್ಲ, ಅದರ ಮೂಲದಲ್ಲಿ ರಡೇಬೆಯ ಗ್ಲವ್ಸ್ ಇದೆ ಅನ್ನುವುದು ಬಹಳ ಜನಕ್ಕೆ ತಿಳಿಯದು.

ಸ್ವೀಪರ್:
ಎಲ್ಲರೂ ಹೊಗಳುತ್ತಿದ್ದೀರಿ, ನನಗೂ ಇಷ್ಟವೇ. ಆದರೆ ಯಾರೂ ಮುಟ್ಟದ ವಿಷಯ ಒಂದಿದೆ, ಅವನ ದೇಹ. ಆ ಕಾಲದಲ್ಲಿ ಆಫ್ರಿಕಾ ಕಪ್ ನಡೆಯುತ್ತಿದ್ದುದು ಜನವರಿ-ಫೆಬ್ರವರಿಯಲ್ಲಿ, ಇಂಗ್ಲೆಂಡ್ ಲೀಗಿನ ನಟ್ಟನಡುವೆ. ಕ್ಲಬ್ ಹೇಳುತ್ತದೆ ಬಿಡಲ್ಲ, ದೇಶ ಹೇಳುತ್ತದೆ ಬರಲೇಬೇಕು. ಅರ್ಹತಾ ಪಂದ್ಯಕ್ಕೆ ಅಂತ ವಾರದ ಮಧ್ಯೆ ಹತ್ತು ಹನ್ನೊಂದು ಗಂಟೆ ವಿಮಾನ, ವಾಪಸ್ ಬಂದು ಶನಿವಾರ ಮತ್ತೆ ಪಂದ್ಯ. ಯುರೋಪಿನ ಆಟಗಾರನಿಗೆ ಈ ಕಷ್ಟವೇ ಇಲ್ಲ. ಇವನು ಎರಡು ಕಡೆಯೂ ಕ್ಯಾಪ್ಟನ್, ಆದ್ದರಿಂದ ಎರಡು ಕಡೆಯೂ ಇಲ್ಲ ಅನ್ನಲು ಆಗುತ್ತಿರಲಿಲ್ಲ. ಮಂಡಿ ಹೋಯಿತು, ಪಾದದ ಕೀಲು ಹೋಯಿತು. 2000ದ ನವೆಂಬರ್‌ನಲ್ಲಿ ಲೀಡ್ಸ್ 1.8 ಕೋಟಿ ಪೌಂಡ್ ಕೊಟ್ಟು ರಿಯೊ ಫರ್ಡಿನಾಂಡ್‌ನನ್ನು ತಂದಿತು. ಆ ಋತುವಿನಲ್ಲಿ ಕ್ಲಬ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ತಲುಪಿ ವಲೆನ್ಸಿಯಾಗೆ ಸೋತಿತು. ಕ್ಲಬ್ ಅಷ್ಟು ಎತ್ತರಕ್ಕೆ ಏರಿದ ಹೊತ್ತಿನಲ್ಲೇ ಕ್ಯಾಪ್ಟನ್‌ನ ಕಾಲು ಕೈಕೊಟ್ಟಿತು. 2001-02 ಪೂರ್ತಿ ಗಾಯದಲ್ಲೇ ಕಳೆಯಿತು.

ಇದು ಅವನೊಬ್ಬನ ತೊಂದರೆಯೂ ಅಲ್ಲ. ಒಂದು ತಲೆಮಾರಿನ ಆಫ್ರಿಕಾ ಆಟಗಾರರೆಲ್ಲ ಹೀಗೇ ನಡುವೆ ಸಿಕ್ಕಿ ನುಗ್ಗಾದರು. ಎರಡು ಎಂಜಿನ್ ಎರಡು ದಿಕ್ಕಿಗೆ ಎಳೆಯುವ ಬೋಗಿಯ ಹಾಗೆ. ಇದನ್ನು ಅವನ ನಿಷ್ಠೆ ಅಂತ ಹೊಗಳುವಾಗ, ಅವನಿಂದ ಎಷ್ಟು ಕಿತ್ತುಕೊಂಡರು ಅನ್ನುವುದನ್ನೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಿಂದಿನ ಸಾಲು:
ಸ್ವೀಪರ್, ಈ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ನನಗೆ ಅವನ ಮೇಲಿರುವ ಗೌರವದ ಅರ್ಧ ಕಾರಣ ಇದೇ. ಇಡೀ ಋತು ಕ್ಲಬ್‌ಗೆ ಆಡಲಾಗದೇ ಕೂತವನು 2002ರ ವಿಶ್ವಕಪ್‌ಗೆ ಕ್ಯಾಪ್ಟನ್ ಆಗಿ ಹೋದ.

1998ರ ವಿಶ್ವಕಪ್ ನೋವಿನದ್ದು. ಫ್ರಾನ್ಸ್ ಮೇಲೆ 0-3, ಡೆನ್ಮಾರ್ಕ್ ಜೊತೆ 1-1, ಸೌದಿ ಜೊತೆ 2-2, ಮನೆಗೆ. 2002ರಲ್ಲಿ ಕಥೆ ಬೇರೆ. ಪರಾಗ್ವೆ ವಿರುದ್ಧ ಎರಡು ಗೋಲು ಹಿಂದೆ ಬಿದ್ದು ಕಡೇ ಕ್ಷಣದ ಪೆನಾಲ್ಟಿಯಿಂದ 2-2. ಸ್ಲೊವೇನಿಯಾ ಮೇಲೆ 1-0, ದೇಶದ ಮೊದಲ ವಿಶ್ವಕಪ್ ಗೆಲುವು. ಮೂರನೆಯದು ಸ್ಪೇನ್. ರಾಉಲ್ ಹೊಡೆದ, ಬೆನ್ನಿ ಮೆಕಾರ್ಥಿ ಸಮ ಮಾಡಿದ. ಮೆಂಡಿಯೆಟಾ ಹೊಡೆದ, 53ನೇ ನಿಮಿಷದಲ್ಲಿ ರಡೇಬೆ ತಲೆಯಿಂದ ಸಮ ಮಾಡಿದ. ಇಡೀ ಅಂತರರಾಷ್ಟ್ರೀಯ ಬದುಕಿನ ಎರಡು ಗೋಲುಗಳಲ್ಲಿ ಒಂದು ವಿಶ್ವಕಪ್‌ನಲ್ಲಿ, ಸ್ಪೇನ್ ಮೇಲೆ! ಮೂರೇ ನಿಮಿಷ. ರಾಉಲ್ ಮತ್ತೆ ಹೊಡೆದ, 2-3. ಆದರೂ ಹೊರಗೆ ಬಿದ್ದಿರಲಿಲ್ಲ. ಆ ಕಡೆ ಇನ್ನೊಂದು ಊರಿನಲ್ಲಿ ಪರಾಗ್ವೆ ಹತ್ತು ಜನರ ಜೊತೆ ಸ್ಲೊವೇನಿಯಾ ವಿರುದ್ಧ ಆಡುತ್ತಿತ್ತು. 84ನೇ ನಿಮಿಷಕ್ಕೆ ಕ್ವೆವಾಸ್ ಮೂರನೇ ಗೋಲು ಹಾಕಿದ, 3-1. ಎರಡೂ ತಂಡಕ್ಕೆ 4 ಅಂಕ, ಗೋಲು ವ್ಯತ್ಯಾಸ ಎರಡಕ್ಕೂ ಸೊನ್ನೆ. ಪರಾಗ್ವೆ ಹೊಡೆದದ್ದು 6, ದಕ್ಷಿಣ ಆಫ್ರಿಕಾ 5. ಒಂದು ಗೋಲಿನಲ್ಲಿ ಮುಂದಿನ ಸುತ್ತು ತಪ್ಪಿತು.

ಆ ಪಂದ್ಯದ ವಿಷಯ ಬಂದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. 33 ವರ್ಷದ, ವರ್ಷವಿಡೀ ಆಡದ ಡಿಫೆಂಡರ್ ಮುಂದೆ ಓಡಿ ಹೋಗಿ ತಲೆ ಕೊಟ್ಟು ತಂಡವನ್ನು ಎತ್ತಿದ್ದ.

ಹೊಸ ಬೂಟು:
ನಾನು ಸ್ವಲ್ಪ ಚಿಕ್ಕವನು, ಕೂಲಿಬಾಲಿ, ಹಕೀಮಿ ನೋಡಿ ಬೆಳೆದವನು. ಕೂಲಿಬಾಲಿ ಸೆನೆಗಲ್ ಕ್ಯಾಪ್ಟನ್ ಆಗಿ 2022ರ ಫೆಬ್ರವರಿಯಲ್ಲಿ ಆ ದೇಶದ ಮೊದಲ ಆಫ್ರಿಕಾ ಕಪ್ ಎತ್ತಿದ. ಹಕೀಮಿ ಮೊರಾಕೊ ಜೊತೆ ವಿಶ್ವಕಪ್ ಸೆಮಿಫೈನಲ್ ಆಡಿದ. ನನಗೆ ಅವರೇ ಮೇಲೆ ಅನಿಸುತ್ತಿತ್ತು. ಇದನ್ನು ಓದಿದ ಮೇಲೆ ಒಂದು ವ್ಯತ್ಯಾಸ ಹೊಳೆಯಿತು. ಕೂಲಿಬಾಲಿ ಹುಟ್ಟಿದ್ದು ಫ್ರಾನ್ಸಿನಲ್ಲಿ, ಹಕೀಮಿ ಮ್ಯಾಡ್ರಿಡ್‌ನಲ್ಲಿ. ಚಿಕ್ಕಂದಿನಿಂದ ಒಳ್ಳೆ ಅಕಾಡೆಮಿ, ಕೋಚು, ವೈದ್ಯರು. ಅವರ ಸಾಧನೆ ಇದರಿಂದ ಸಣ್ಣದಾಗುವುದಿಲ್ಲ. ಆದರೆ ರಡೇಬೆಗೆ 23ನೇ ವಯಸ್ಸಿನವರೆಗೆ ದೇಶದ ತಂಡವೇ ಇರಲಿಲ್ಲ, 25ಕ್ಕೆ ಯುರೋಪ್ ನೋಡಿದ. ಒಬ್ಬ ಡಿಫೆಂಡರ್ ಕಲಿಯುವ ವರ್ಷಗಳೆಲ್ಲ ಅಲ್ಲಿಗೆ ಮುಗಿದಿರುತ್ತವೆ.

ಅಂದ ಹಾಗೆ ಕೈಸರ್ ಚೀಫ್ಸ್ ಅನ್ನುವ ಇಂಗ್ಲಿಷ್ ಬ್ಯಾಂಡ್‌ಗೂ ಈ ಕ್ಲಬ್‌ಗೂ ಸಂಬಂಧ ಇದೆಯಾ?

ಲೀಡ್ಸ್ ಕನ್ನಡಿಗ:
ಇದೆ. ಆ ಬ್ಯಾಂಡ್‌ನವರು ಲೀಡ್ಸ್ ಹುಡುಗರು, ಕ್ಲಬ್ ಅಭಿಮಾನಿಗಳು. ರಡೇಬೆಯ ಹಳೆಯ ಕ್ಲಬ್ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡರು.

ಕಡೆಯ ದಿನಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಮುಂದೆ ಬರುವ ಹಣ ನಂಬಿ ಲೀಡ್ಸ್ ಕೋಟ್ಯಂತರ ಪೌಂಡ್ ಸಾಲ ಮಾಡಿತ್ತು. ಚಾಂಪಿಯನ್ಸ್ ಲೀಗ್ ತಪ್ಪಿದ ಕೂಡಲೇ ಎಲ್ಲ ಕುಸಿಯಿತು. ಫರ್ಡಿನಾಂಡ್, ರಾಬಿ ಕೀನ್, ವುಡ್‌ಗೇಟ್, ಕ್ಯೂವೆಲ್, ಒಬ್ಬೊಬ್ಬರನ್ನೇ ಮಾರಿದರು. 2004ರಲ್ಲಿ ಕ್ಲಬ್ ಕೆಳಗಿನ ಡಿವಿಷನ್‌ಗೆ ಬಿತ್ತು. ರಡೇಬೆ ಆಗಲೂ ಇದ್ದ. ಆ ಆಗಸ್ಟ್‌ನಲ್ಲಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಮತ್ತೆ ಹೊರಗೆ. 2005ರ ಮೇ 2ರಂದು ಅವನ ಗೌರವಕ್ಕೆ ವಿದಾಯ ಪಂದ್ಯ ಇಟ್ಟರು. ಎರಡನೇ ದರ್ಜೆಗೆ ಬಿದ್ದ ಕ್ಲಬ್, ಜನರ ಮನಸ್ಸು ಒಡೆದಿದ್ದ ಕಾಲ, ಆದರೂ ಬಂದವರು 38 ಸಾವಿರದ ಹತ್ತಿರ. ಆ ಹಣದಲ್ಲಿ ಒಳ್ಳೆಯ ಪಾಲು ಮಕ್ಕಳ ಸಹಾಯಕ್ಕೆ ಹೋಯಿತು. ಅದಕ್ಕೂ ಮೊದಲೇ, 2000ದಲ್ಲಿ, ಜನಾಂಗೀಯ ದ್ವೇಷದ ವಿರುದ್ಧ ಮತ್ತು ಮಕ್ಕಳಿಗಾಗಿ ಮಾಡಿದ ಕೆಲಸಕ್ಕೆ ಫಿಫಾ ಫೇರ್ ಪ್ಲೇ ಪ್ರಶಸ್ತಿ ಕೊಟ್ಟಿತ್ತು.

ಗೋಲ್‌ಪೋಸ್ಟ್:
ಸರಿ, ಹೀಗೆ ಹೇಳುತ್ತೇನೆ. ಒಂದು ಪಂದ್ಯ ಗೆಲ್ಲಲೇಬೇಕು, ಎದುರಿಗೆ ಒಬ್ಬನೇ ಒಬ್ಬ ಅಪಾಯಕಾರಿ ಸ್ಟ್ರೈಕರ್ ಇದ್ದಾನೆ ಅಂದರೆ ರಡೇಬೆಯನ್ನು ಕಳಿಸುತ್ತೇನೆ. ಇಡೀ ಋತುವಿನ ಲೀಗ್ ಅಂದರೆ ನನ್ನ ಆಯ್ಕೆ ಇನ್ನೂ ನೈಬತ್. ಗಾಯ ಕಡಿಮೆ, ಎಂಟು ವರ್ಷ ಸ್ಪೇನಿನಲ್ಲಿ ಒಂದೇ ಮಟ್ಟದಲ್ಲಿ ಆಡಿದ. ಚೆಂಡು ಕಾಲಲ್ಲಿದ್ದಾಗಲೂ ಅವನೇ ಮೇಲು.

ಹಿಂದಿನ ಸಾಲು:
ನೈಬತ್ ಜೊತೆಗೇ ನಿಲ್ಲಿಸಿ ಸ್ವಾಮಿ, ಯಾರು ಬೇಡ ಅಂದರು? ಸ್ಟಾಪರ್ ಜಾಗ ಎರಡಿದೆ. ಬಲಗಡೆ ರಡೇಬೆ, ಎಡಗಡೆ ನೈಬತ್, ಕ್ಯಾಪ್ಟನ್ ಪಟ್ಟಿ ರಡೇಬೆಗೆ. ಸಾಂಗ್ ಬೆಂಚ್ ಮೇಲೆ ಇರಲಿ, 1994 ಮತ್ತು 1998 ಎರಡೂ ವಿಶ್ವಕಪ್‌ನಲ್ಲಿ ರೆಡ್ ಕಾರ್ಡ್ ತಗೊಂಡವನು, ನನಗೆ ಹನ್ನೊಂದು ಜನವೂ ಮೈದಾನದಲ್ಲಿ ಬೇಕು. ಕುಫೂರ್‌ನನ್ನು ಬಿಡಲು ಮನಸ್ಸಿಲ್ಲ, ಆದರೆ ಇಬ್ಬರೇ ಅಂದರೆ ಇಬ್ಬರೇ. ಫುಲ್‌ಬ್ಯಾಕ್ ಜಾಗಕ್ಕೆ ಹೊಸ ಬೂಟು ಹೇಳಿದ ಹಕೀಮಿ ಬಲಗಡೆ. ಎಡಗಡೆಗೆ ಯಾರು ಅಂತ ನೀವೆಲ್ಲ ಹೇಳಿ. ನಾನು ನೈಜೀರಿಯಾದ ಬಾಬಯಾರೊ ಹೆಸರು ಇಡುತ್ತೇನೆ.